ಮೂರನೆಯ ತೂತಿನ ಕಥೆ

ಚರಿತ್ರೆಯನ್ನು ನಾವು ಸಾಮಾನ್ಯವಾಗಿ ಕೋಟೆಗಳಲ್ಲಿ, ಶಾಸನಗಳಲ್ಲಿ ಹುಡುಕುತ್ತೇವೆ. ಪುತ್ತೂರು, ಸುಳ್ಯ, ಕಡಬ ತಾಲೂಕುಗಳ ಹಳೆಯ ಮನೆಯೊಂದರ ಸ್ವಿಚ್ ಬೋರ್ಡಿನಲ್ಲಿಯೂ ಚರಿತ್ರೆ ಇದೆ. ಜಗಲಿಯ ಗೋಡೆಯಲ್ಲಿ ಎರಡು ತೂತುಗಳ ಕಪ್ಪು ಬೇಕಲೈಟ್ ಸಾಕೆಟ್, ಅಡುಗೆಮನೆಯಲ್ಲಿ ಮೂರು ತೂತುಗಳ ಸಾಕೆಟ್, ಮೊನ್ನೆ ಮೊನ್ನೆ ಕಟ್ಟಿದ ಕೋಣೆಯಲ್ಲಿ ತೂತುಗಳ ಒಳಗೆ ಪುಟ್ಟ ಮುಚ್ಚಳವಿರುವ ಸಾಕೆಟ್. ಹೀಗೆ ಒಂದೇ ಸೂರಿನಡಿ ಮೂರು ಕಾಲಗಳು ಕೂಡಿರುವುದುಂಟು. ಈ ಬದಲಾವಣೆ ಅಲಂಕಾರಕ್ಕಾಗಿ ಆದದ್ದಲ್ಲ. ಕರೆಂಟು ಮನುಷ್ಯನನ್ನು ಹೇಗೆ ಕೊಲ್ಲುತ್ತದೆ ಎಂಬ ತಿಳಿವಳಿಕೆ ಬೆಳೆದಂತೆಲ್ಲ ಸಾಕೆಟ್ಟಿನ ರೂಪವೂ ಬದಲಾಯಿತು.

ಮೊದಲು ಕರೆಂಟು ಬಂದ ದಾರಿಯನ್ನು ನೋಡೋಣ. ಹಳೆಯ ಮೈಸೂರು ಸಂಸ್ಥಾನದಲ್ಲಿ 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗಳಿಗೆ ಹರಿಯಿತು. 1905ರಲ್ಲಿ ಬೆಂಗಳೂರಿನ ಬೀದಿಗಳು ಬೆಳಗಿದವು. ಆದರೆ ದಕ್ಷಿಣ ಕನ್ನಡ ಆಗ ಮದರಾಸು ಪ್ರಾಂತಕ್ಕೆ ಸೇರಿತ್ತು. 1956ರ ನವೆಂಬರ್ 1ರಂದು ಅದು ಮೈಸೂರು ರಾಜ್ಯಕ್ಕೆ ಬಂದಿತು. ಮರುವರ್ಷ ಮೈಸೂರು ರಾಜ್ಯ ವಿದ್ಯುಚ್ಛಕ್ತಿ ಮಂಡಳಿ ಹುಟ್ಟಿತು. 1960ರ ದಶಕದ ನಡುವೆ ಶರಾವತಿ ಯೋಜನೆಯ ವಿದ್ಯುತ್ತು ದೊರೆಯತೊಡಗಿದ ಮೇಲೆ ಹಳ್ಳಿಗಳಿಗೆ ತಂತಿ ಎಳೆಯುವ ಕೆಲಸ ವೇಗ ಪಡೆಯಿತು. 1969ರಲ್ಲಿ ಸ್ಥಾಪನೆಯಾದ ಗ್ರಾಮೀಣ ವಿದ್ಯುದೀಕರಣ ನಿಗಮ ಅದಕ್ಕೆ ಸಾಲದ ನೆರವು ನೀಡಿತು. ಮಂಡಳಿಯ ಹೆಸರು ಮುಂದೆ ಕರ್ನಾಟಕ ವಿದ್ಯುಚ್ಛಕ್ತಿ ಮಂಡಳಿ ಎಂದಾಯಿತು. 2002ರಿಂದ ಈ ಭಾಗದ ವಿತರಣೆ ಮೆಸ್ಕಾಂ ಸಂಸ್ಥೆಯ ಹೊಣೆ. ಪುತ್ತೂರು ಮತ್ತು ಸುಳ್ಯ ತಾಲೂಕುಗಳ ಗ್ರಾಮಗಳನ್ನು ಸೇರಿಸಿ ಕಡಬ ತಾಲೂಕು ಕಾರ್ಯಾರಂಭ ಮಾಡಿದ್ದು 2018ರಲ್ಲಿ.

ಈ ಸೀಮೆಯಲ್ಲಿ ಬಯಲುಸೀಮೆಯಂತೆ ಮನೆಗಳು ಒತ್ತೊತ್ತಾಗಿ ಇಲ್ಲ. ಗುಡ್ಡೆಗೊಂದು ಮನೆ, ಮನೆಗೊಂದು ಅಡಿಕೆ ತೋಟ. ಕುಮಾರಧಾರೆಯ, ಪಯಸ್ವಿನಿಯ ಕಣಿವೆಗಳನ್ನು ದಾಟಿ, ಮರಗಳ ನಡುವೆ ಒಂದೊಂದು ಮನೆಗೂ ಪ್ರತ್ಯೇಕವಾಗಿ ತಂತಿ ಸಾಗಬೇಕು. ಹಾಗಾಗಿ ಮನೆಮನೆಗೆ ಕರೆಂಟು ಬಂದದ್ದು ಒಂದೇ ದಿನದಲ್ಲಲ್ಲ; ಎಷ್ಟೋ ಕಡೆ ತೋಟದ ಪಂಪಿಗಾಗಿ ಬಂದ ಲೈನು ಮನೆಯನ್ನೂ ಬೆಳಗಿತು.

ಆಗ ಕರೆಂಟು ಎಂದರೆ ಬಲ್ಬು. 1979-80ರ ಸುಮಾರಿಗೆ ಬಂದ ಭಾಗ್ಯಜ್ಯೋತಿ ಯೋಜನೆ ಬಡವರ ಮನೆಗೆ ಕೊಟ್ಟದ್ದೂ ಒಂದು ದೀಪವನ್ನೇ. ಬಲ್ಬಿಗೆ ಎರಡು ತಂತಿ ಸಾಕು. ಫೇಸಿನಲ್ಲಿ ಬಂದ ವಿದ್ಯುತ್ತು ನ್ಯೂಟ್ರಲಿನಲ್ಲಿ ಹಿಂದಿರುಗುತ್ತದೆ. ಮರದ ಪಟ್ಟಿಯ ಮೇಲೆ ಎರಡು ತಂತಿಗಳನ್ನು ಕ್ಲಿಪ್ಪು ಹಾಕಿ ಕೂರಿಸುತ್ತಿದ್ದರು. ತಾಮ್ರದ ಅಭಾವವಿದ್ದ ಆ ದಿನಗಳಲ್ಲಿ ಆ ತಂತಿ ಹೆಚ್ಚಾಗಿ ಅಲ್ಯೂಮಿನಿಯಮ್ಮಿನದು. ರೇಡಿಯೋ ಬಂದಾಗ ಅದೇ ಬೋರ್ಡಿಗೆ ಎರಡು ತೂತಿನ ಸಾಕೆಟ್ ಸೇರಿತು. ರೇಡಿಯೋದ ಹೊರಮೈ ಮರ ಅಥವಾ ಪ್ಲಾಸ್ಟಿಕ್ ಆಗಿದ್ದುದರಿಂದ ಅಪಾಯ ಕಡಿಮೆ.

ಅಪಾಯ ಹೆಚ್ಚಿದ್ದು ಲೋಹದ ಮೈಯ ಉಪಕರಣಗಳು ಒಳಬಂದಾಗ: ಇಸ್ತ್ರಿಪೆಟ್ಟಿಗೆ, ನೀರು ಕಾಯಿಸುವ ಗೀಸರ್, ಫ್ರಿಜ್, ಗ್ರೈಂಡರ್. ಇವುಗಳ ಒಳಗಿನ ತಂತಿಯ ಹೊದಿಕೆ ಸವೆದು ಫೇಸ್ ತಂತಿ ಲೋಹಕ್ಕೆ ತಗಲಿದರೆ ಇಡೀ ಉಪಕರಣವೇ ಫೇಸ್ ಆಗುತ್ತದೆ. ಆದರೂ ಯಂತ್ರ ಎಂದಿನಂತೆ ಓಡುತ್ತಲೇ ಇರುತ್ತದೆ. ಬರಿಗಾಲಲ್ಲಿ ಒದ್ದೆ ನೆಲದ ಮೇಲೆ ನಿಂತು ಅದನ್ನು ಮುಟ್ಟಿದವರ ಮೈಯೇ ನೆಲಕ್ಕೆ ಹೋಗುವ ದಾರಿಯಾಗುತ್ತದೆ. ನಮ್ಮ ಅಡುಗೆಮನೆ, ಬಚ್ಚಲುಗಳಲ್ಲಿ ಬರಿಗಾಲೂ ಉಂಟು, ಒದ್ದೆ ನೆಲವೂ ಉಂಟು.

ಇದಕ್ಕೆ ಕಂಡುಕೊಂಡ ಉಪಾಯವೇ ಮೂರನೆಯ ತೂತು. ಉಪಕರಣದ ಲೋಹದ ಮೈಗೆ ಇನ್ನೊಂದು ತಂತಿ ಜೋಡಿಸಿ ಅದನ್ನು ಭೂಮಿಗೆ ಇಳಿಸಿದರೆ ಸೋರಿದ ವಿದ್ಯುತ್ತು ಮನುಷ್ಯನ ಬದಲು ಆ ತಂತಿಯಲ್ಲಿ ಹೋಗುತ್ತದೆ. ನಾವು ಇಂದಿಗೂ ಬಳಸುವ ಉರುಟು ಪಿನ್ನುಗಳ ಪ್ಲಗ್ಗು ಬ್ರಿಟನ್ನಿನ 1934ರ ಬಿ.ಎಸ್. 546 ಎಂಬ ಮಾನಕದಿಂದ ಬಂದದ್ದು. ನಮ್ಮ ಭಾರತೀಯ ಮಾನಕ ಐ.ಎಸ್. 1293 ಅದೇ ರೂಪವನ್ನು ಉಳಿಸಿಕೊಂಡಿತು. 5 ಮತ್ತು 15 ಆಂಪಿಯರ್ ಎಂದಿದ್ದುದು ಈಗ 6 ಮತ್ತು 16 ಆಗಿದೆ. ನಿಮ್ಮ ಮನೆಯ ಪ್ಲಗ್ಗನ್ನು ಒಮ್ಮೆ ಗಮನಿಸಿ. ಮೇಲಿನ ಪಿನ್ನು ಉಳಿದೆರಡಕ್ಕಿಂತ ಉದ್ದ ಮತ್ತು ದಪ್ಪ. ಉದ್ದವಾಗಿರುವುದರಿಂದ ಪ್ಲಗ್ಗು ಹಾಕುವಾಗ ಅರ್ಥ್ ಮೊದಲು ಸೇರುತ್ತದೆ, ತೆಗೆಯುವಾಗ ಕೊನೆಗೆ ಬಿಡುತ್ತದೆ. ದಪ್ಪವಾಗಿರುವುದರಿಂದ ಅದು ತಪ್ಪಿಯೂ ಫೇಸಿನ ತೂತಿಗೆ ಹೋಗಲಾರದು.

ಬ್ರಿಟನ್ ಮಾತ್ರ ಇಲ್ಲಿಗೆ ನಿಲ್ಲಲಿಲ್ಲ. ಎರಡನೆಯ ಮಹಾಯುದ್ಧ ನಡೆಯುತ್ತಿದ್ದಾಗಲೇ, 1942ರಲ್ಲಿ, ಯುದ್ಧಾನಂತರ ಕಟ್ಟಬೇಕಾದ ಮನೆಗಳ ವೈರಿಂಗ್ ಹೇಗಿರಬೇಕೆಂದು ಯೋಚಿಸಲು ಒಂದು ಸಮಿತಿ ನೇಮಕವಾಯಿತು. ಇಪ್ಪತ್ತು ಸದಸ್ಯರಲ್ಲಿ ಒಬ್ಬರೇ ಮಹಿಳೆ, ಕ್ಯಾರೊಲಿನ್ ಹ್ಯಾಸ್ಲೆಟ್. ಸಾಕೆಟ್ಟಿನ ತೂತಿಗೆ ಮಕ್ಕಳು ಕಡ್ಡಿ, ಮೊಳೆ ತೂರಿಸುವ ಅಪಾಯವನ್ನು ತಡೆಯಬೇಕೆಂದು ಅವರು ಒತ್ತಾಯಿಸಿದರು. 1947ರಲ್ಲಿ ಬಂದ ಬಿ.ಎಸ್. 1363 ಮಾನಕದ ಸಾಕೆಟ್ಟಿನಲ್ಲಿ ಫೇಸ್ ಮತ್ತು ನ್ಯೂಟ್ರಲ್ ತೂತುಗಳಿಗೆ ಷಟರ್, ಅಂದರೆ ಒಳಮುಚ್ಚಳ, ಬಂದಿತು. ಉದ್ದನೆಯ ಅರ್ಥ್ ಪಿನ್ನು ಒಳಹೊಕ್ಕಾಗ ಮಾತ್ರ ಅದು ಸರಿಯುತ್ತದೆ. ನಾವು ಹಳೆಯ ಉರುಟು ಪಿನ್ನನ್ನೇ ಇಟ್ಟುಕೊಂಡರೂ ಷಟರ್ ಇರುವ ಸಾಕೆಟ್ಟುಗಳು ಈಗ ನಮ್ಮ ಪೇಟೆಯ ಅಂಗಡಿಗಳಲ್ಲೂ ಸುಲಭವಾಗಿ ಸಿಗುತ್ತವೆ. ಅಂಬೆಗಾಲಿಡುವ ಮಗುವಿರುವ ಮನೆಗೆ ಇದು ಬೇಕೇ ಬೇಕು.

ಈಗ ಮುಖ್ಯ ಪ್ರಶ್ನೆಗೆ ಬರೋಣ. ಎರಡು ತೂತಿನ ಸಾಕೆಟ್ ತೆಗೆದು ಮೂರು ತೂತಿನದನ್ನು ಹಾಕಿದರೆ ಮನೆ ಸುರಕ್ಷಿತವಾಯಿತೇ? ಗೋಡೆಯ ಹಿಂದೆ ಇರುವುದು ಅವೇ ಎರಡು ಹಳೆಯ ತಂತಿಗಳಾದರೆ ಮೂರನೆಯ ತೂತು ಬರಿಯ ತೂತು. ಪ್ಲಗ್ಗು ಸಲೀಸಾಗಿ ಕೂರುತ್ತದೆ, ಯಂತ್ರ ಓಡುತ್ತದೆ, ಮನೆಯವರು ನಿಶ್ಚಿಂತರಾಗುತ್ತಾರೆ. ರಕ್ಷಣೆ ಮಾತ್ರ ಇಲ್ಲ. ಕೆಲವರು ಸುಲಭ ಮಾರ್ಗವೆಂದು ಅರ್ಥ್ ತೂತನ್ನು ನ್ಯೂಟ್ರಲಿಗೇ ಜೋಡಿಸುವುದುಂಟು. ಅದು ಇನ್ನೂ ಕೆಟ್ಟದ್ದು. ಎಲ್ಲೋ ನ್ಯೂಟ್ರಲ್ ತಂತಿ ಕಡಿದರೆ, ಏನೂ ಕೆಡದ ಫ್ರಿಜ್ಜಿನ ಮೈಗೂ ಕರೆಂಟು ಬರುತ್ತದೆ. ಗಾಳಿಮಳೆಗೆ ಮರ ಬಿದ್ದು ತಂತಿ ಕಡಿಯುವುದು ಈ ಸೀಮೆಗೆ ಹೊಸದೇನೂ ಅಲ್ಲ.

ಸರಿ, ಮೂರನೆಯ ತಂತಿಯನ್ನು ಎಳೆದು ಅಂಗಳದಲ್ಲಿ ಅರ್ಥ್ ಗುಂಡಿ ತೋಡಿದೆವು ಎನ್ನೋಣ. ಇಲ್ಲಿ ನಮ್ಮ ನೆಲವೇ ಒಂದು ಸಮಸ್ಯೆ ಒಡ್ಡುತ್ತದೆ. ಈ ತಾಲೂಕುಗಳ ಗುಡ್ಡೆಗಳಲ್ಲಿ ಮುರಕಲ್ಲು ಹೆಚ್ಚು. ಮಳೆಗಾಲದಲ್ಲಿ ನೀರು ಕುಡಿದ ಈ ನೆಲ ವಿದ್ಯುತ್ತನ್ನು ಸಾಗಿಸುತ್ತದೆ. ಮಾರ್ಚ್ ತಿಂಗಳಿಗೆ ಒಣಗಿ ಬಿಗಿದುಕೊಳ್ಳುತ್ತದೆ. ಒಂದು ಲೆಕ್ಕ ಮಾಡೋಣ. ಮನೆಯ ಅರ್ಥ್ ಪೈಪಿನಿಂದ ಟ್ರಾನ್ಸ್‌ಫಾರ್ಮರಿನವರೆಗೆ ಮಣ್ಣಿನ ದಾರಿಯ ಒಟ್ಟು ರೋಧ 20 ಓಮ್ ಎಂದಿಟ್ಟುಕೊಳ್ಳಿ. 230 ವೋಲ್ಟನ್ನು 20ರಿಂದ ಭಾಗಿಸಿದರೆ 11.5 ಆಂಪಿಯರ್. 15 ಆಂಪಿಯರಿನ ಫ್ಯೂಸು ಇದಕ್ಕೆ ಕರಗುವುದಿಲ್ಲ. ಗೀಸರಿನ ಮೈಯಲ್ಲಿ ಕರೆಂಟು ಹಾಗೆಯೇ ನಿಂತಿರುತ್ತದೆ. ಫ್ಯೂಸು ಇರುವುದು ತಂತಿಯನ್ನು ಸುಡದಂತೆ ಕಾಯಲು. ಮನುಷ್ಯನನ್ನು ಕಾಯಲು ಅದಕ್ಕೆ ಸಾಧ್ಯವಿಲ್ಲ. ಮನುಷ್ಯನನ್ನು ಕೊಲ್ಲಲು ಒಂದು ಆಂಪಿಯರಿನ ಹತ್ತರಲ್ಲೊಂದು ಭಾಗವೂ ಸಾಕು.

ಈ ತೊಡಕನ್ನು ಬಿಡಿಸಿದ ಸಾಧನದ ಕಥೆಯೂ ಚಿನ್ನದ ಗಣಿಗಳತ್ತ ಹೋಗುತ್ತದೆ, ಆದರೆ ದಕ್ಷಿಣ ಆಫ್ರಿಕದ ಗಣಿಗಳತ್ತ. ಅಲ್ಲಿ ಶಾಕ್ ಹೊಡೆದು ಕಾರ್ಮಿಕರು ಸಾಯುವುದನ್ನು ತಡೆಯಲು 1950ರ ದಶಕದಲ್ಲಿ ಹೆನ್ರಿ ರೂಬಿನ್ ಎಂಬ ಎಂಜಿನಿಯರು ಒಂದು ರಕ್ಷಕವನ್ನು ರೂಪಿಸಿದರು. ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಚಾರ್ಲ್ಸ್ ಡಾಲ್‌ಜಿಯಲ್ ಸ್ವಯಂಸೇವಕರ ಮೇಲೆ ಪ್ರಯೋಗ ನಡೆಸಿದರು. ಹಿಡಿದ ತಂತಿಯನ್ನು ಬಿಡಿಸಿಕೊಳ್ಳಲು ಸಾಧ್ಯವಾಗುವ ಮಿತಿ ಗಂಡಸರಲ್ಲಿ ಸರಾಸರಿ 16, ಹೆಂಗಸರಲ್ಲಿ ಸುಮಾರು 10 ಮಿಲಿಆಂಪಿಯರ್ ಎಂದು ಅವರು ಕಂಡುಕೊಂಡರು. 1961ರಲ್ಲಿ ಅವರೂ ಇಂಥದೇ ರಕ್ಷಕವನ್ನು ತಯಾರಿಸಿದರು.

ಇಂದು ನಮ್ಮ ಮನೆಗಳಲ್ಲಿ ಇದನ್ನು ಆರ್.ಸಿ.ಸಿ.ಬಿ. ಎನ್ನುತ್ತಾರೆ. ಹಳೆಯ ಎಲೆಕ್ಟ್ರಿಷಿಯನ್ನರ ಬಾಯಲ್ಲಿ ಇ.ಎಲ್.ಸಿ.ಬಿ. ಇದರ ತತ್ತ್ವ ಸರಳ. ಫೇಸಿನಲ್ಲಿ ಹೋದಷ್ಟೇ ವಿದ್ಯುತ್ತು ನ್ಯೂಟ್ರಲಿನಲ್ಲಿ ಮರಳಬೇಕು. ಲೆಕ್ಕದಲ್ಲಿ 30 ಮಿಲಿಆಂಪಿಯರ್ ಕಡಿಮೆ ಬಂದರೆ ಅಷ್ಟು ಬೇರೆಲ್ಲೋ ಸೋರಿದೆ ಎಂದರ್ಥ. ಸೋರಿದ್ದು ಯಾರದೋ ಮೈಯ ಮೂಲಕವೂ ಆಗಿರಬಹುದು. ಕೂಡಲೇ, ಒಂದು ಸೆಕೆಂಡಿನ ಸಣ್ಣ ಭಾಗದಲ್ಲಿ, ಅದು ಕರೆಂಟು ಕಡಿಯುತ್ತದೆ. ನಮ್ಮ ಲೆಕ್ಕದ 11.5 ಆಂಪಿಯರು ಇದಕ್ಕೆ ಭಾರೀ ಮೊತ್ತ. ಒಣಗಿದ ಮುರಕಲ್ಲಿನ ನೆಲಕ್ಕೆ ಇದಕ್ಕಿಂತ ತಕ್ಕ ಸಾಧನವಿಲ್ಲ. ಭಾರತೀಯ ವಿದ್ಯುತ್ ನಿಯಮಗಳು, 1956ಕ್ಕೆ ಆಮೇಲೆ ಸೇರಿಸಿದ 61ಎ ನಿಯಮ ಇದನ್ನು ಕಡ್ಡಾಯ ಮಾಡಿತು. ಆದರೆ 5 ಕಿಲೋವಾಟಿಗಿಂತ ಕಡಿಮೆ ಹೊರೆಯ ಸಂಪರ್ಕಗಳನ್ನು ಹೊರಗಿಟ್ಟಿತು. ಬಲ್ಬು, ಫ್ಯಾನು, ಮಿಕ್ಸಿಗಳ ಸಾಮಾನ್ಯ ಮನೆ ಆ ಮಿತಿಯ ಕೆಳಗೇ ಉಳಿಯಿತು. 2010ರಲ್ಲಿ ಮತ್ತು 2023ರಲ್ಲಿ ಹೊಸ ಸುರಕ್ಷತಾ ನಿಯಮಾವಳಿಗಳು ಬಂದಿವೆ. ಹಳೆಯ ಬೋರ್ಡುಗಳು ತಾವಾಗಿ ಬದಲಾಗುವುದಿಲ್ಲ.

ಚಿತ್ರೀಕರಣಕ್ಕೆಂದು ಮನೆಗಳಿಗೆ ಹೋಗುವ ನಮ್ಮಂಥವರಿಗೆ ಇದು ಚೆನ್ನಾಗಿ ಗೊತ್ತು. ಸಾವಿರ ವಾಟಿನ ದೀಪವೊಂದು ನಾಲ್ಕು ಆಂಪಿಯರಿಗಿಂತ ಹೆಚ್ಚು ಎಳೆಯುತ್ತದೆ. ಎರಡು ದೀಪವಾದರೆ ಚಿಕ್ಕ ಸಾಕೆಟ್ ತಾಳದು. ಹಾಗಾಗಿ ದೀಪ ಹಚ್ಚುವ ಮೊದಲು ಬೋರ್ಡನ್ನು ಓದುವುದು ನಮ್ಮ ಅಭ್ಯಾಸ. ನೀವೂ ಇದನ್ನು ಕಲಿಯಬಹುದು.

ಹಳೆಯ ಸಾಕೆಟ್ ಬದಲಿಸುವಾಗ ಗಮನಿಸಬೇಕಾದ್ದು ಇಷ್ಟು. ಬೋರ್ಡಿನ ಸ್ವಿಚ್ ಆರಿಸಿದರೆ ಸಾಲದು, ಮೈನ್ ಸ್ವಿಚ್ ಆರಿಸಬೇಕು. ಆರಿಸಿದ ಮೇಲೂ ಟೆಸ್ಟರಿನಿಂದ ಪರೀಕ್ಷಿಸಬೇಕು. ಸಾಕೆಟ್ಟಿಗೆ ಎದುರಾಗಿ ನಿಂತಾಗ ಮೇಲೆ ಹಸಿರು ಹೊದಿಕೆಯ ಅರ್ಥ್, ಬಲಕ್ಕೆ ಫೇಸ್, ಎಡಕ್ಕೆ ನ್ಯೂಟ್ರಲ್ ಇರಬೇಕು. ಸಾಕೆಟ್ಟಿನ ಮೇಲೆ ಐ.ಎಸ್.ಐ. ಗುರುತು ಇರಬೇಕು. ಅರ್ಥ್ ಗುಂಡಿಗೆ ಬೇಸಿಗೆಯಲ್ಲಿ ನೀರು ಹೊಯ್ಯಬೇಕು. ಆರ್.ಸಿ.ಸಿ.ಬಿ.ಯ ಪರೀಕ್ಷಾ ಗುಂಡಿಯನ್ನು ಆಗಾಗ ಒತ್ತಿ ನೋಡಬೇಕು. ಒತ್ತಿದೊಡನೆ ಕರೆಂಟು ಹೋದರೆ ಸಾಧನ ಜೀವಂತವಾಗಿದೆ. ಆದರೆ ಬದಲಿಸುವ ಕೆಲಸ ನಿಮ್ಮದಲ್ಲ. ಅದನ್ನು ಪರವಾನಗಿ ಇರುವ ಎಲೆಕ್ಟ್ರಿಷಿಯನ್ನರೇ ಮಾಡಬೇಕು.

ನಿಮ್ಮ ಕೆಲಸ ಬೇರೆ ಇದೆ. ಮನೆಗೆ ಕರೆಂಟು ಬಂದ ವರ್ಷ ಯಾವುದೆಂದು ಅಜ್ಜ ಅಜ್ಜಿಯರನ್ನು ಕೇಳಿ. ಮೊದಲ ಬಲ್ಬು ಎಲ್ಲಿತ್ತು, ಮೊದಲ ಪ್ಲಗ್ ಪಾಯಿಂಟು ಯಾವುದಕ್ಕಾಗಿ ಬಂತು ಎಂದು ಬರೆದಿಡಿ. ಆಮೇಲೆ ಪ್ರತಿಯೊಂದು ಮೂರು ತೂತಿನ ಸಾಕೆಟ್ಟಿನ ಮುಂದೆ ನಿಂತು, ಇದರ ಮೇಲಿನ ತೂತಿಗೆ ತಂತಿ ಇದೆಯೇ, ಆ ತಂತಿ ಮಣ್ಣನ್ನು ಮುಟ್ಟಿದೆಯೇ ಎಂದು ಮನೆಯ ಹಿರಿಯರನ್ನು ಕೇಳಿ. ಉತ್ತರ ಯಾರಿಗೂ ಗೊತ್ತಿಲ್ಲವಾದರೆ ಎಲೆಕ್ಟ್ರಿಷಿಯನ್ನರನ್ನು ಕರೆಸುವ ಕಾಲ ಬಂದಿದೆ. ಮೊದಲ ಮಳೆ ಬೀಳುವ ಮುನ್ನವೇ ಕರೆಸಿದರೆ ಒಳ್ಳೆಯದು.