ಅರ್ಪಾನೆಟ್ ನಾಲ್ಕು ಗಂಟೆ ನಿಂತಾಗ

ಇಂಜಿನಿಯರಿಂಗ್ ಓದುವಾಗ ನೆಟ್‌ವರ್ಕ್ಸ್ ಪರೀಕ್ಷೆಯಲ್ಲಿ ಒಂದು ಪ್ರಶ್ನೆ ಖಾಯಂ: ವಿತರಿತ ಜಾಲದ ಲಾಭವೇನು? "ಒಂದು ಯಂತ್ರ ಕೆಟ್ಟರೂ ಉಳಿದವು ನಡೆಯುತ್ತವೆ" ಅಂತ ಕಣ್ಣುಮುಚ್ಚಿ ಬರೆಯುತ್ತಿದ್ದೆ, ಅಂಕವೂ ಬೀಳುತ್ತಿತ್ತು. ಅದು ಅರ್ಧ ಸತ್ಯ ಅಂತ ಗೊತ್ತಾಗಿದ್ದು ಕೆಲಸಕ್ಕೆ ಸೇರಿದ ಮೇಲೆ, ಎರಿಕ್ ರೋಸೆನ್ 1981ರಲ್ಲಿ ಬರೆದ ಆರ್‌ಎಫ್‌ಸಿ 789 ಓದಿದಾಗ.

ಇಂಟರ್ನೆಟ್ಟಿನ ಅಜ್ಜ ಅರ್ಪಾನೆಟ್ 1969ರಲ್ಲಿ ಅಮೆರಿಕದ ನಾಲ್ಕು ಕಡೆ ಶುರುವಾಯಿತು. ಪ್ರತಿ ಕಡೆಯಲ್ಲೂ ಐಎಂಪಿ ಎಂಬ ಫ್ರಿಜ್ ಗಾತ್ರದ ಯಂತ್ರ, ಈಗಿನ ರೌಟರಿನ ಪೂರ್ವಜ. ದಾರಿ ಹೇಳಲು ಯಜಮಾನ ಯಾರೂ ಇಲ್ಲ. 1980ರ ಹೊತ್ತಿಗೆ ಪ್ರತಿ ಐಎಂಪಿ ತನ್ನ ಲೈನುಗಳ ಸ್ಥಿತಿಯನ್ನು ಪಕ್ಕದವಕ್ಕೆ ಹೇಳುತ್ತಿತ್ತು, ಅವು ಮುಂದಿನವಕ್ಕೆ. ಹಳ್ಳಿಯಲ್ಲಿ ಸುದ್ದಿ ಹಬ್ಬುವ ಹಾಗೆ!

ಹಳೇ ಸುದ್ದಿ ಯಾವುದು, ಹೊಸದು ಯಾವುದು? ಅದಕ್ಕೆ 0ಯಿಂದ 63ರವರೆಗೆ ಕ್ರಮಸಂಖ್ಯೆ. 63 ಆದ ಮೇಲೆ ಗಡಿಯಾರದಂತೆ ಮತ್ತೆ 0. ಮುಂದಕ್ಕೆ ಎಣಿಸಿದಾಗ ಅರ್ಧ ಸುತ್ತಿನೊಳಗೆ ಸಿಗುವುದು ಹೊಸದು. ಸರಿಯಾಗಿ ಅರ್ಧ ಸುತ್ತಾದರೆ ದೊಡ್ಡ ಸಂಖ್ಯೆ ಹೊಸದು.

1980ರ ಅಕ್ಟೋಬರ್ 27ರಂದು 29ನೇ ಐಎಂಪಿಯ ಹಾರ್ಡ್‌ವೇರ್ ಕೆಟ್ಟು ಬಿಟ್‌ಗಳು ಬಿದ್ದುಹೋಗತೊಡಗಿದವು. ಪಕ್ಕದ 50ನೇ ಐಎಂಪಿಯ ಸುದ್ದಿ ಮೂರು ಸಂಖ್ಯೆಗಳಲ್ಲಿ ಓಡಾಡಿತು: 44, 40, 8. ಬೈನರಿಯಲ್ಲಿ ಬರೆದು ನೋಡಿ, 101100, 101000, 001000. ಒಂದೊಂದೇ ಬಿಟ್ ವ್ಯತ್ಯಾಸ. ಈಗ ಮೇಲಿನ ನಿಯಮ ಹಚ್ಚಿ. 8ಕ್ಕಿಂತ 40 ಹೊಸದು, 40ಕ್ಕಿಂತ 44 ಹೊಸದು, 44ಕ್ಕಿಂತ... 8 ಹೊಸದು! ನಾನು ಪೆನ್ನು ಹಿಡಿದು ಎರಡು ಸಲ ಲೆಕ್ಕ ಹಾಕಿದೆ.

ಹಾಗಾಗಿ ಪ್ರತಿ ಯಂತ್ರವೂ "ಹೊಸ ಸುದ್ದಿ" ಎಂದು ಬರೆದುಕೊಂಡು ಮುಂದೆ ಕಳಿಸಿತು. ಮುಗಿಯುವ ಮಾತೇ ಇಲ್ಲ. ಸುದ್ದಿ ಹಂಚುವುದಕ್ಕೇ ಆದ್ಯತೆ ಇದ್ದದ್ದರಿಂದ ಉಳಿದ ಕೆಲಸವೆಲ್ಲ ನಿಂತಿತು. ಒಂದನ್ನು ರೀಸ್ಟಾರ್ಟ್ ಮಾಡಿದರೆ (ನಮ್ಮೆಲ್ಲರ ಮೊದಲ ಮದ್ದು ಅದೇ ತಾನೇ :-)) ಪಕ್ಕದವು ಅದೇ ಸುದ್ದಿಯನ್ನು ಮತ್ತೆ ತುಂಬುತ್ತಿದ್ದವು.

ಗಮನಿಸಿ, ಉಳಿದ ಯಾವ ಐಎಂಪಿಯೂ ಕೆಟ್ಟಿರಲಿಲ್ಲ. ಎಲ್ಲವೂ ನಿಯಮದ ಪ್ರಕಾರವೇ ನಡೆದುಕೊಂಡವು. ಲೈನಿನಲ್ಲಿ ಸಾಗುವಾಗಿನ ತಪ್ಪು ಹಿಡಿಯಲು ಚೆಕ್‌ಸಮ್ ಇತ್ತು, ಯಂತ್ರದ ಒಳಗೆ ಕೂತಾಗ ಆಗುವ ತಪ್ಪು ಹಿಡಿಯಲು ಅದು ಸಾಲಲಿಲ್ಲ.

ಕೊನೆಗೆ ಜಾಲವನ್ನು ನೋಡಿಕೊಳ್ಳುತ್ತಿದ್ದ ಬಿಬಿಎನ್ ಕಂಪನಿಯವರು ಒಂದು ಪ್ಯಾಚ್ ಹಾಕಿದರು: 50ನೆಯದರಿಂದ ಬರುವ ಸುದ್ದಿಯನ್ನು ಯಾರೂ ಕಿವಿಗೆ ಹಾಕಿಕೊಳ್ಳಬೇಡಿ. ಪಾಪ, ತಪ್ಪು 29ರದು, ಬಾಯಿ ಮುಚ್ಚಿಸಿದ್ದು 50ರದು. ಯಜಮಾನನೇ ಇಲ್ಲದ ಜಾಲ ಎದ್ದು ನಿಂತದ್ದು ಹೀಗೆ ಮನುಷ್ಯರು ಕೈ ಹಾಕಿದ ಮೇಲೆ.