ಸಕತ್

ಸಕತ್: ಅತಿಶಯ ಅಥವಾ ಮೆಚ್ಚುಗೆಯನ್ನು ಸೂಚಿಸುವ ಆಡುಗನ್ನಡದ ಪದ; ‘ಸಕ್ಕತ್’, ‘ಸಖತ್’ ಎಂಬ ರೂಪಗಳೂ ಉಂಟು. ‘ಸಕತ್ ಊಟ’ ಎಂಬಲ್ಲಿ ನಾಮವಿಶೇಷಣವಾಗಿಯೂ ‘ಸಕತ್ ಬಿಸಿ’ ಎಂಬಲ್ಲಿ ಪ್ರಮಾಣವಾಚಕವಾಗಿಯೂ ಬಳಕೆಯಾಗುತ್ತದೆ. ಗಟ್ಟಿ, ಕಠಿಣ ಎಂಬರ್ಥದ ಪಾರಸಿ ‘ಸಖ್ತ್’ ಇದರ ಮೂಲವಾಗಿದ್ದು, ಉರ್ದುವಿನ ದಕ್ಷಿಣದ ರೂಪವಾದ ದಖನಿಯ ಮೂಲಕ ಕನ್ನಡಕ್ಕೆ ಬಂದಿರಬೇಕು. 1638ರಲ್ಲಿ ಬೆಂಗಳೂರು ಬಿಜಾಪುರದ ಆದಿಲ್‌ಶಾಹಿಗಳ ವಶವಾದದ್ದು, ಮುಂದೆ ಸಿರಾ ಮೊಗಲರ ಸುಬಾದ ಕೇಂದ್ರವಾದದ್ದು, ಹೈದರ್ ಮತ್ತು ಟಿಪ್ಪುವಿನ ಆಡಳಿತದಲ್ಲಿ ಪಾರಸಿಗೆ ದೊರೆತ ಸ್ಥಾನ ಇವೆಲ್ಲ ಇಂಥ ಎರವಲಿಗೆ ಹಿನ್ನೆಲೆಯಾದವು.

ಕನ್ನಡದಲ್ಲಿ ಮೂಲದ ಘರ್ಷಧ್ವನಿ ಕಕಾರವಾಗಿದೆ, ಒತ್ತಕ್ಷರದ ನಡುವೆ ಅಕಾರ ಸೇರಿದೆ. ‘ಬಂದೋಬಸ್ತು’, ‘ಗಸ್ತು’ ಮುಂತಾದ ಕಚೇರಿಯ ಎರವಲುಗಳು ಉಕಾರಾಂತವಾದರೆ ಇದು ವ್ಯಂಜನಾಂತವಾಗಿಯೇ ಉಳಿದಿದೆ. ಪ್ರತ್ಯಯ ಹತ್ತಿದಾಗ ಮಾತ್ರ ತಕಾರ ಇಮ್ಮಡಿಸಿ ‘ಸಕತ್ತಾಗಿ’ ಎಂದಾಗುತ್ತದೆ. ಅರ್ಥದ ಪಲ್ಲಟ ಇನ್ನೂ ಗಮನಾರ್ಹ: ಮರಾಠಿಯ ‘ಸಕ್ತಮಜುರಿ’ (ಶಿಕ್ಷೆಯಾಗಿ ವಿಧಿಸುವ ಕಠಿಣ ದುಡಿಮೆ) ಹಳೆಯ ಬಿಗಿಯನ್ನು ಕಾಯ್ದುಕೊಂಡಿದ್ದರೆ, ಕನ್ನಡದಲ್ಲಿ ಕಾಠಿಣ್ಯ ತೀವ್ರತೆಯಾಗಿ, ತೀವ್ರತೆ ಸೊಗಸಾಗಿ ಮಾರ್ಪಟ್ಟಿದೆ. ಹಸು ಎಂಬರ್ಥದ ‘ವಾಶ್’ ಎಂಬ ಪದ ನಿಷ್ಠುರತೆಯ ಅರ್ಥ ಪಡೆದು, ಅದರಿಂದ ‘ಬಹಳ’ ಎಂಬರ್ಥದ ‘ವಾಶ್‌ಮಾಂ’ ಹುಟ್ಟಿದ ಫ್ರೆಂಚ್ ಆಡುಮಾತಿನ ಬೆಳವಣಿಗೆ ಇದಕ್ಕೆ ಸಮಾನವಾದುದು. ಬೆಂಗಳೂರಿನ ಎಫ್‌ಎಂ ವಾಹಿನಿ ರೇಡಿಯೊ ಮಿರ್ಚಿ ‘ಸಕತ್ ಹಾಟ್ ಮಗಾ’ ಎಂಬುದನ್ನು ಘೋಷವಾಕ್ಯವಾಗಿಸಿಕೊಂಡಿತು. 2021ರಲ್ಲಿ ‘ಸಖತ್’ ಎಂಬ ಹೆಸರಿನ, ಗಣೇಶ್ ಅಭಿನಯದ ಚಲನಚಿತ್ರ ತೆರೆಕಂಡಿತು.