ಫಟಫಟಿ ಪಳಗಿಸಿದ ಕಾಲ

ಮೋಟಾರ್ ಸೈಕಲ್ಲಿಗೆ ಕಲಬುರಗಿ ಸೀಮೆಯ ಹಳಬರು ಇಟ್ಟ ಹೆಸರು ‘ಫಟಫಟಿ’. ಆ ಸದ್ದಿಗೆ ತಕ್ಕ ಗಾಡಿ ಕರ್ನಾಟಕದಲ್ಲೇ ತಯಾರಾಗುತ್ತಿತ್ತು. ಜೆಕೊಸ್ಲೊವಾಕಿಯದ ತಂತ್ರಜ್ಞಾನ ಪಡೆದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ‘ಜಾವಾ’ವನ್ನು, 1973ರಲ್ಲಿ ‘ಯೆಜ್ಡಿ’ಯನ್ನು ರಸ್ತೆಗಿಳಿಸಿತು.

ಈ ಗಾಡಿಯನ್ನು ಕೊಳ್ಳುವುದಕ್ಕಿಂತ ಪಳಗಿಸುವುದೇ ದೊಡ್ಡ ಕೆಲಸವಾಗಿತ್ತು. ಟೂ-ಸ್ಟ್ರೋಕ್ ಎಂಜಿನ್ನಿನ ಪಿಸ್ಟನ್‌ಗೆ ಜಿಡ್ಡು ಸಿಗುವುದು ಪೆಟ್ರೋಲಿಗೆ ಬೆರೆಸಿದ ಆಯಿಲ್‌ನಿಂದಲೇ. ಆಯಿಲ್ ಕಡಿಮೆಯಾದರೆ, ಅಥವಾ ಹೊಸ ಪಿಸ್ಟನ್ ಸಿಲಿಂಡರಿಗೆ ಹೊಂದಿಕೊಳ್ಳುವ ಮೊದಲೇ ವೇಗ ಹೆಚ್ಚಿಸಿದರೆ, ಲೋಹ ಕಾದು ಹಿಗ್ಗಿ ಎಂಜಿನ್ ಕಚ್ಚಿಕೊಳ್ಳುತ್ತದೆ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಕಲಬುರಗಿಯಿಂದ ಕೆಂಪು ಬಾಳೆಯ ಕಮಲಾಪುರಕ್ಕೆ ಹೊಸ ಗಾಡಿ ಹತ್ತಿ ಹೊರಟವರಿಗೆ ಅವಸರ ಸಲ್ಲದು. ಸೈಲೆನ್ಸರಿನ ಮಸಿ ಕೆರೆಯುವುದು, ಚೈನ್ ಬಿಗಿ ನೋಡುವುದು ಮುಂತಾಗಿ ಸವಾರನೇ ಅರ್ಧ ಮೆಕ್ಯಾನಿಕ್.

1985ರಲ್ಲಿ ಹೀರೋ ಹೋಂಡಾದ ಫೋರ್-ಸ್ಟ್ರೋಕ್ ಗಾಡಿ ಬಂತು. ಪೆಟ್ರೋಲಿಗೆ ಆಯಿಲ್ ಬೆರೆಸುವ ಗೊಡವೆಯಿಲ್ಲ, ಇಂಧನದ ಖರ್ಚೂ ಕಡಿಮೆ. ಜನ ಅತ್ತ ವಾಲಿದರು. ಮೈಸೂರಿನ ಕಾರ್ಖಾನೆ 1996ರಲ್ಲಿ ಮುಚ್ಚಿತು.

ಆದರೂ ಹಳೆಯ ಪಾಠ ಉಳಿದಿದೆ. ಇಂದಿಗೂ ಹೊಸ ಗಾಡಿಯನ್ನು ಮೊದಲ ಕೆಲವು ನೂರು ಕಿಲೋಮೀಟರ್ ಹದವಾಗಿಯೇ ಓಡಿಸಬೇಕು. ಮೊದಲ ಸರ್ವಿಸ್‌ನಲ್ಲಿ ಆಯಿಲ್ ಬದಲಿಸುವುದು ಸವೆದ ಲೋಹದ ಪುಡಿ ಹೊರಹೋಗಲೆಂದು. ಅದನ್ನು ತಪ್ಪಿಸಿ ಉಳಿಸಿದ ಹಣ ಮುಂದೆ ಎಂಜಿನ್ ರಿಪೇರಿಗೆ ಹೋಗುತ್ತದೆ.